ನೀಲಿ ನೀರು ಹಿಡಿದ ದಾರಿ

ನಮ್ಮ ಮನೆ ಕಾಲನಿಯ ದೇವಮೂಲೆಯಲ್ಲಿದೆ. ಅದರೊಳಗೆ ನೀರು ಬರುತ್ತಿದ್ದುದೂ ಅದೇ ಕಾರಣಕ್ಕೆ.

ಜಹೀರಾಬಾದಿನ ಹೊರಗೆ, ಹೆದ್ದಾರಿಗೆ ಹತ್ತಿಕೊಂಡಿದ್ದ ಹೊಲಗಳು ಒಂದೊಂದಾಗಿ ಪ್ಲಾಟುಗಳಾದಾಗ ನಾವೂ ಒಂದನ್ನು ಹಿಡಿದೆವು. ಈಶಾನ್ಯದ ಕೊನೆಯ ಪ್ಲಾಟು. ಅಂಥದ್ದು ಸಿಗುವುದೇ ಪುಣ್ಯ ಎಂದು ಕಾಲನಿಯ ಅಧ್ಯಕ್ಷರು ಬಂದು ನಮ್ಮವರ ಬೆನ್ನು ತಟ್ಟಿದ್ದರು. ಬಜಾರಿನಲ್ಲಿ ಬಹಳ ಕಾಲ ಬೀಜದ ಅಂಗಡಿ ನಡೆಸಿ, ಈಗ ಅದನ್ನು ಮಗನಿಗೆ ಒಪ್ಪಿಸಿದವರು ಅವರು. ಹಣೆಯ ವಿಭೂತಿ ಮಾಸುವುದಿಲ್ಲ, ಬಿಳಿ ಧೋತರದ ಅಂಚು ಮಣ್ಣಿಗೆ ತಾಗುವುದಿಲ್ಲ. ಕಾಲನಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು.

ಲೇಔಟ್ ಮಾಡಿದವರು ವಾಸ್ತು ಕೇಳಿಯೇ ಎಲ್ಲ ಮಾಡಿದ್ದರು. ನೈರುತ್ಯ ಎತ್ತರವಿರಬೇಕು, ಈಶಾನ್ಯ ತಗ್ಗಿರಬೇಕು, ನೀರು ಈಶಾನ್ಯದಿಂದಲೇ ಹೊರಬೀಳಬೇಕು ಎಂಬುದು ಒಂದು ಮನೆಗೆ ಹೇಳುವ ಮಾತು. ಅವರು ಅದನ್ನು ಇಡೀ ಕಾಲನಿಗೆ ಹೊದಿಸಿಬಿಟ್ಟಿದ್ದರು. ನೈರುತ್ಯದಲ್ಲಿದ್ದ ಹಳೆಯ ಹಳ್ಳಕ್ಕೆ ಲಾರಿಗಟ್ಟಲೆ ಮೊರಮು ಮಣ್ಣು ಸುರಿದು, ಎತ್ತರಿಸಿ, ಮೇಲೆ ಪಾರ್ಕು ಮಾಡಿ, ಎಲ್ಲ ಬೀದಿಗಳ ಮೋರಿಗಳನ್ನೂ ನಮ್ಮ ಮೂಲೆಗೆ ಇಳಿಸಿದ್ದರು. ನಮ್ಮ ಮೂಲೆಯ ಆಚೆ ಇರುವುದು ಹೆದ್ದಾರಿಯ ಏರಿ. ಪೂಜೆ ಮಾಡಿ, ತೆಂಗಿನಕಾಯಿ ಒಡೆದು, ನೀರನ್ನು ಕರೆತಂದು ಗೋಡೆಗೆ ಮುಖಮಾಡಿ ನಿಲ್ಲಿಸಿದ ಹಾಗಾಗಿತ್ತು.

ಇದೊಂದೂ ಗೃಹಪ್ರವೇಶದ ದಿನ ನನಗೆ ಗೊತ್ತಿರಲಿಲ್ಲ. ಅಂದು ನನ್ನ ಕಣ್ಣೆಲ್ಲ ಪಡಸಾಲೆಗೆ ಹಾಸಿದ ತಾಂಡೂರಿನ ಪರಸಿ ಕಲ್ಲಿನ ಮೇಲೆ. ತಾಂಡೂರು ನನ್ನ ತವರು. ಆ ಬೂದುಬಣ್ಣದ ಕಲ್ಲಿನ ಮೇಲೆ ತೆವಳಿ, ಬಿದ್ದು, ಎದ್ದು ನಡೆಯಲು ಕಲಿತವಳು ನಾನು. ಎಲ್ಲರೂ ಹೊಳೆಯುವ ಟೈಲ್ಸ್ ಹಾಕಿಸುತ್ತಿದ್ದಾಗ ನಾನು ಹಠಹಿಡಿದು ಅದನ್ನೇ ತರಿಸಿದ್ದೆ. ಬೇಸಿಗೆಯ ಮಧ್ಯಾಹ್ನ ಬರಿಗಾಲಲ್ಲಿ ಅದರ ಮೇಲೆ ನಿಂತರೆ ಅಂಗಾಲಿನಿಂದ ತಂಪು ಹತ್ತುತ್ತದೆ.

ಮೊದಲ ಮಳೆಗಾಲದ ಒಂದು ಮಧ್ಯಾಹ್ನ ಅದೇ ಕಲ್ಲಿನ ಮೇಲೆ ನೀರು ಬಂತು. ಅಬ್ಬರಿಸಿಕೊಂಡು ಬರಲಿಲ್ಲ. ಸಂಕೋಚದ ನೆಂಟರ ಹಾಗೆ ಬಾಗಿಲ ಸಂದಿಯಿಂದ ನಿಧಾನವಾಗಿ ಬಂತು. ಮೊದಲು ಚಪ್ಪಲಿಗಳನ್ನು ಒಂದು ಸುತ್ತು ತಿರುಗಿಸಿತು. ಆಮೇಲೆ ನನ್ನ ರಂಗೋಲಿ ಡಬ್ಬಿಯನ್ನು ಎತ್ತಿಕೊಂಡು ದೇವರ ಕೋಣೆಯತ್ತ ಹೊರಟಿತು. ಅತ್ತೆ ಜೋಳದ ಹಿಟ್ಟಿನ ಡಬ್ಬಿಯನ್ನು ಮಂಚದ ಮೇಲಿಟ್ಟು, ಅದಕ್ಕೆ ಕಾವಲು ಎಂಬಂತೆ ತಾವೂ ಪಕ್ಕದಲ್ಲಿ ಹತ್ತಿ ಕೂತರು. ನಾನು ಪೊರಕೆಯಿಂದ ನೀರನ್ನು ಹೊರಗೆ ನೂಕುತ್ತ "ಪ್ಲೀಸ್, ಪ್ಲೀಸ್" ಅನ್ನುತ್ತಿದ್ದೆನಂತೆ. ಸಿಸ್ಟರ್‌ಗಳ ಶಾಲೆಯಲ್ಲಿ ಕಲಿತ ಮಾತು, ಮದುವೆಯಾಗಿ ಇಷ್ಟು ವರ್ಷವಾದರೂ ನಾಲಗೆ ಬಿಟ್ಟಿಲ್ಲ.

"ನಿನ್ನ ಪ್ಲೀಸಿಗೆ ತರಕಾರಿಯವ ಎರಡು ಮೆಣಸಿನಕಾಯಿ ಹೆಚ್ಚಿಗಿ ಹಾಕ್ತಾನ, ಖರೆ," ಅಂದರು ಅತ್ತೆ ಮಂಚದ ಮೇಲಿಂದ. "ನೀರು ಕೇಳ್ತದೇನು?"

ನೀರು ಇಳಿದ ಮೇಲೆ ಗೋಡೆಯ ಮೇಲೊಂದು ಕಂದು ಗೆರೆ ಉಳಿಯಿತು, ಬಾಗಿಲ ಪರದೆಯ ಕೆಳ ಅಂಚಿಗೆ ಸರಿಯಾಗಿ. ಮರುವರ್ಷ ಅದರ ಮೇಲೆ ಇನ್ನೊಂದು ಗೆರೆ. ನಮ್ಮ ಮನೆ ನೋಡಿ ಬುದ್ಧಿ ಕಲಿತ ಬೀದಿಯವರು ತಮ್ಮ ತಳಪಾಯಗಳನ್ನು ಒಂದು ಗೇಣು ಎತ್ತರಿಸಿದರು. ಅವರನ್ನು ನೋಡಿ ಎದುರಿನವರು ಎರಡು ಗೇಣು. ಸ್ಕೂಟರ್ ಹತ್ತಿಸಲು ಗೇಟಿನ ಮುಂದೆ ಕಟ್ಟಿದ ಇಳಿಜಾರುಗಳು ಮೋರಿಯ ಬಾಯಿಯನ್ನೇ ಮುಚ್ಚಿದವು. ಎಲ್ಲರೂ ಓಡಿಸಿದ ನೀರಿಗೆ ಹೋಗಲು ಉಳಿದದ್ದು ನಮ್ಮ ಮನೆಯೊಂದೇ.

ನಮ್ಮವರಿಗೆ ನಾರಾಯಣಖೇಡದಲ್ಲಿ ನೌಕರಿ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾರೆ. ಮೊದಲೆಲ್ಲ ಮಧ್ಯಾಹ್ನ ಫೋನು ಮಾಡಿ "ಊಟ ಆತೇನು?" ಅನ್ನುತ್ತಿದ್ದವರು, ಆಮೇಲೆ ಆ ಕಡೆ ಮೋಡ ಕಂಡರೂ ಸಾಕು, ಫೋನೆತ್ತಿದ ಕೂಡಲೇ "ಬಂತೇನು?" ಅನ್ನತೊಡಗಿದರು. ನೀರು ಎಂಬ ಪದವನ್ನೂ ಸೇರಿಸುತ್ತಿರಲಿಲ್ಲ. ಎರಡನೆಯ ಗೆರೆ ಒಣಗುವ ಮೊದಲೇ ಅವರ ತೀರ್ಮಾನ ಆಗಿತ್ತು.

"ಇನ್ನೊಂದು ಮಳಿಗಾಲ ನೋಡ್ತೀನಿ. ಮತ್ತ ಒಳಗ ಬಂತಂದ್ರ ಮನಿ ಕೊಟ್ಟುಬಿಡೂದು. ಬಾಡಗಿ ಮನಿ ಆದ್ರೂ ಆಗ್ಲಿ, ಒಣ ಚಾಪಿ ಮ್ಯಾಲ ಮಲಗೋಣ."

ದಲ್ಲಾಳಿಗೂ ಹೇಳಿಟ್ಟರು. ಆತ ಬಂದು ಮನೆಯೆಲ್ಲ ತಿರುಗಿ, ಗೆರೆಗಳ ಮುಂದೆ ನಿಂತು, "ಭಾಬೀ, ಇದರ ಮ್ಯಾಲ ಒಂದು ಕೋಟು ಬಣ್ಣ ಹೊಡಸ್ರಿ, ಗಿರಾಕಿ ನಾ ತರ್ತೀನಿ," ಅಂದ. ನಾನು ಹೊಡೆಸಲಿಲ್ಲ. ಬಣ್ಣ ಬಳಿದು ಇನ್ನೊಬ್ಬ ಹೆಣ್ಣುಮಗಳ ರಂಗೋಲಿ ಡಬ್ಬಿ ತೇಲಿಸುವುದು ನನ್ನಿಂದಾಗದ ಕೆಲಸ. ಮನೆ ಬಿಡುವ ಮನಸ್ಸಂತೂ ಎಳ್ಳಷ್ಟೂ ಇರಲಿಲ್ಲ. ನನ್ನ ಕೈಯಲ್ಲಿದ್ದದ್ದು ಮುಂದಿನ ಮಳೆಗಾಲದವರೆಗಿನ ಹೊತ್ತು.

ಹಾಗಾಗಿ ಮುನಿಸಿಪಾಲಿಟಿಗೆ ಹೋಗತೊಡಗಿದೆ. ಜಗಳ ಆಡಲು ನನಗೆ ಬರುವುದಿಲ್ಲ. ಇಂಜಿನಿಯರ್ ಸಾಹೇಬರ ಬಾಗಿಲ ಪಕ್ಕದ ಬೆಂಚಿನಲ್ಲಿ ಕ್ರೋಶಾ ಹೆಣಿಗೆ ಹಾಕುತ್ತ ಕೂರುತ್ತಿದ್ದೆ. ಅವರು ಹೋಗುವಾಗ ನಕ್ಕೆ, ಬರುವಾಗ ನಕ್ಕೆ. ಕೊನೆಗೆ ಅವರೇ ನಿಂತು ನನ್ನ ಕೈಯಲ್ಲಿದ್ದುದನ್ನು ನೋಡಿದರು.

"ಇದು ಏನಾಗ್ತದಮ್ಮಾ?"

"ಟೇಬಲ್ ಕ್ಲಾತ್ ಸರ್."

"ಇದು ಮುಗಿಯೂದ್ರಾಗ ಬರ್ತೀನಿ. ಇಲ್ಲಾಂದ್ರ ನೀವು ಇಲ್ಲೇ ಕುಂತು ಚಾದರ ಸುರು ಮಾಡ್ತೀರಿ."

ಮಾತಿನಂತೆ ಬಂದರು. ಮೂರು ಕಾಲಿನ ಮೇಲೆ ದುರ್ಬೀನಿನಂಥ ಯಂತ್ರ ನಿಲ್ಲಿಸಿ, ಬೀದಿ ಬೀದಿ ಅಳೆದು, ಪಾರ್ಕಿನ ಆಚೆಗೂ ಇಳಿದು ಹೋಗಿ, ಮೊಣಕಾಲಿಗೆ ಮುಳ್ಳುಕಾಯಿ ಅಂಟಿಸಿಕೊಂಡು ಬಂದರು.

"ಮ್ಯಾಲ ಹಾಕಿದ ಮೊರಮು ನಿಮ್ಮ ಕಡಿ ಇಳೀತದ. ಕೆಳಗಿನ ಭೂಮಿ ಆ ಕಡಿ ಇಳೀತದ. ಪಾರ್ಕಿನ ಆಚಿ ಉಳಿದ ಹಳ್ಳ ನಿಮ್ಮ ಹೊಸ್ತಿಲಿಗಿಂತ ಎಷ್ಟೋ ಕೆಳಗ ಅದ. ಮೋರಿ ಆಳ ಮಾಡಿ ಆ ಕಡಿ ತಿರುಗಿಸಿದ್ರ ಒಂದು ಹನಿ ನಿಲ್ಲೂದಿಲ್ಲ."

ನಾನು ಖುಷಿಯಿಂದ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದೆ. ಅತ್ತೆ ಮಾತ್ರ ಬಾಗಿಲ ಚೌಕಟ್ಟಿಗೆ ಒರಗಿ ಸಾಹೇಬರನ್ನೇ ನೋಡುತ್ತಿದ್ದರು. ಅತ್ತೆ ಸಿರ್ಗಾಪುರದಲ್ಲಿ ಹೊಲ ಮಾಡಿದವರು.

"ಇಲ್ಲಿಂದ ಓಡಿಸಿದ್ರಿ, ಆತು. ಕೆಳಗ ಹೊಲದಾಗ ಇದ್ದವರು ಏನು ಮಾಡಬೇಕ್ರಿ ಸಾಹೇಬ್ರ? ನಮ್ಮ ಹೊಲದ ಮ್ಯಾಲ ಯಾರಾರ ಹಿಂಗ ನೀರು ಬಿಟ್ಟಿದ್ರ ನಾ ಕುಡಗೋಲು ಹಿಡದೇ ಬರ್ತಿದ್ದೆ."

ಸಾಹೇಬರು ನಗುತ್ತ ಚಹಾದ ಬಟ್ಟಲು ಕೆಳಗಿಟ್ಟರು. ಪಾರ್ಕನ್ನೇ ಸ್ವಲ್ಪ ತೋಡಿ, ಹಿಟ್ಟು ನಾದುವ ಪರಾತದ ಹಾಗೆ ತಗ್ಗು ಮಾಡುತ್ತೇವೆ. ಎಲ್ಲ ಬೀದಿಯ ನೀರು ಮೊದಲು ಅಲ್ಲಿ ನಿಂತು, ಒಂದು ಸಣ್ಣ ಪೈಪಿನಿಂದ ನಿಧಾನವಾಗಿ ಹಳ್ಳಕ್ಕೆ ಹೋಗುತ್ತದೆ. ಮಳೆ ಇಲ್ಲದ ದಿನ ಮಕ್ಕಳು ಅದರಲ್ಲೇ ಆಡಬಹುದು ಎಂದು ವಿವರಿಸಿದರು. ಪರಾತ ಎಂದ ಕೂಡಲೇ ಅತ್ತೆಗೆ ಒಪ್ಪಿಗೆಯಾಯಿತು.

"ಆದ್ರ ಕಾಲನಿಯವರು ಹೂಂ ಅನ್ನಬೇಕು," ಅಂದರು ಸಾಹೇಬರು ಎದ್ದು ನಿಂತು. "ಎಲ್ಲರ ಗೇಟಿನ ಮುಂದೂ ಅಗೀಬೇಕಾಗ್ತದ. ನಿಮ್ಮ ಅಧ್ಯಕ್ಷರು ಬ್ಯಾಡ ಅಂದ್ರ ನಾ ಗುದ್ದಲಿ ಹಾಕಾಕ ಬರೂದಿಲ್ಲ."

ಕಾಕಾ ಬೇಡ ಅಂದರು. ರವಿವಾರ ಪಾರ್ಕಿನ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿಕೊಂಡೇ ಅಂದರು.

"ನೈರುತ್ಯಕ್ಕ ನೀರಾ? ನಾ ಇರೂತನಕ ಆಗೂದಿಲ್ಲ. ಮನಿ ಯಜಮಾನಗ ಕುತ್ತು ಅದು. ನಿನ್ನದೊಂದು ಮನಿ ಉಳಸಾಕ ಕಾಲನಿ ಯಜಮಾನರನ್ನೆಲ್ಲ ಕಳೀತೀ ಏನು ಮಗಳ?"

ಕೂತಿದ್ದ ಯಜಮಾನರೆಲ್ಲ ಒಮ್ಮೆ ತಮ್ಮ ತಮ್ಮ ಎದೆ ಮುಟ್ಟಿ ನೋಡಿಕೊಂಡರು. ನಾನು "ಪ್ಲೀಸ್ ಕಾಕಾ" ಅಂದೆ. ಅಷ್ಟರಲ್ಲಿ ಯಾರೋ ಮದುವೆಯ ಪತ್ರಿಕೆ ಹಂಚಲು ಬಂದರು. ಮಾತು ಊಟದ ಕಡೆ ಹೊರಳಿತು.

ಮನೆಗೆ ಬಂದಾಗ ನಮ್ಮವರು ದಲ್ಲಾಳಿಯ ನಂಬರು ಬರೆದಿದ್ದ ಚೀಟಿಯನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದರು.

ಪಾರ್ಕಿನ ಮೂಲೆಯಲ್ಲಿ ಲೇಔಟಿನವರು ಕಡಿಯದೆ ಬಿಟ್ಟ ಒಂದು ಬಿಲ್ವದ ಮರವಿದೆ. ಸೋಮವಾರ ಬೆಳಿಗ್ಗೆ ಪತ್ರಿ ಕೊಯ್ಯಲು ನಾನು ಅಲ್ಲಿಗೆ ಹೋಗುತ್ತೇನೆ. ಆ ಸೋಮವಾರ ಬಗ್ಗಿ, ಬಿದ್ದ ಎಲೆ ಎತ್ತುವಾಗ ಕಾಲ ಬಳಿ ನೀಲಿ ನೀರು ಹರಿಯುತ್ತಿತ್ತು. ಪಾರ್ಕಿಗೆ ತಾಗಿಕೊಂಡಿರುವ ಕಾಕಾನ ಮನೆಯ ಹಿಂಗೋಡೆಯ ಬುಡದಲ್ಲಿ, ಒಂದು ಅಂಗೈ ಅಗಲದ ಸಿಮೆಂಟಿನ ಕಾಲುವೆ. ಹುಲ್ಲಿನ ಮರೆಯಲ್ಲಿ ಸುಮ್ಮನೆ ನೋಡಿದರೆ ಕಾಣುವಂತಿರಲಿಲ್ಲ. ಬಣ್ಣವಿದ್ದುದರಿಂದ ಕಂಡಿತು. ಬಟ್ಟೆಗೆ ಹಾಕುವ ನೀಲಿ. ಕಾಲನಿಯಲ್ಲಿ ಇನ್ನೂ ಧೋತರಕ್ಕೆ ನೀಲಿ ಹಾಕುವ ಮನೆ ಒಂದೇ.

ಶಾಲೆಯಲ್ಲಿ ಭೂಗೋಳದ ಸಿಸ್ಟರ್ ಒಬ್ಬರು ಒಂದು ತಟ್ಟೆಯಲ್ಲಿ ಮರಳಿನ ಗುಡ್ಡ ಮಾಡಿ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದರು. ಎಲ್ಲಿಗೆ ಹೋಗುತ್ತದೆ ಎಂದು ನಾವು ಕೂಗಿದರೆ ತುಟಿಯ ಮೇಲೆ ಬೆರಳಿಡುತ್ತಿದ್ದರು: ಹೇಳಬೇಡಿ, ನೋಡಿ. ನಾನು ಪತ್ರಿಯ ಬುಟ್ಟಿ ಹಿಡಿದುಕೊಂಡು ನೋಡುತ್ತ ನಡೆದೆ. ಮುಂದಕ್ಕೆ ಹೋದರೆ ಆ ನೀರು, ಹಳ್ಳ ಮುಚ್ಚಿದ ಮೊರಮು ಕುಸಿದಿದ್ದ ಕಡೆ ಬೆಳೆದ ಬಾಳೆಗಿಡಗಳ ಬುಡ ಸೇರುತ್ತಿತ್ತು. ಹಿಂದಕ್ಕೆ ಹೋದರೆ ಗೋಡೆಯನ್ನು ಬಳಸಿ, ತಿರುಗಿ, ಮನೆಯ ಈಶಾನ್ಯದ ಕಿಂಡಿಯಿಂದ ಬರುತ್ತಿತ್ತು. ಕಿಂಡಿ ಶಾಸ್ತ್ರಕ್ಕೆ ಸರಿಯಾಗಿತ್ತು. ನೀರು ಅದರಿಂದ ಹೊರಬಿದ್ದು, ಒಂದು ಮೊಳ ಹೋಗಿ, ಮನೆಯ ಹೊರಗೋಡೆಯ ಗುಂಟ ತಿರುಗಿ ನೈರುತ್ಯಕ್ಕೇ ಇಳಿಯುತ್ತಿತ್ತು.

"ಏನು ಕಳಕೊಂಡೀ?" ತಲೆಯೆತ್ತಿದರೆ ಮಾಳಿಗೆಯ ಮೇಲೆ ಕಾಕು, ಹೆಗಲ ಮೇಲೆ ಹಿಂಡಿದ ಧೋತರ.

"ಕಾಕು, ನಿಮ್ಮ ಬಚ್ಚಲ ನೀರು ಪಾರ್ಕಿಗೆ ಬರ್ತದ."

ಅವರು ಸರಸರ ಕೆಳಗಿಳಿದು ಬಂದರು. ಬಾಯಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡೇ ಬಂದವರು ಅದನ್ನು ತೆಗೆದು ಹೇಳಿದರು: "ಮೆಲ್ಲಗ ಮಾತಾಡು. ಮನಿ ಕಟ್ಟೂ ಮುಂದ ಮೇಸ್ತ್ರಿಗೆ ಹೇಳಿ ನಾನೇ ಮಾಡಿಸೀನಿ. ಗೇಟಿನ ಮುಂದ ನೀರು ನಿಂತು ಸೊಳ್ಳಿ ಕುಣೀತಿದ್ವು. ನಿಮ್ಮ ಕಾಕಾ ಆವತ್ತ ಅಂಗಡ್ಯಾಗಿದ್ರು."

"ಅವರಿಗೆ ಗೊತ್ತಿಲ್ಲ?"

"ಅವರು ಕಿಂಡಿ ನೋಡ್ಯಾರ. ಕಿಂಡಿ ಈಶಾನ್ಯದಾಗ ಅದ. ಅದರ ಆಚಿ ನೋಡೂದು ಗಂಡಸರ ಕೆಲಸಲ್ಲಂತ."

ಇದನ್ನು ಹೊತ್ತುಕೊಂಡು ಮುಂದಿನ ಸಭೆಗೆ ಹೋಗಿ ಎಲ್ಲರೆದುರು ಸುರಿಯಬಹುದಿತ್ತು. ಆದರೆ ಹಿರಿಯರೊಬ್ಬರ ಧೋತರದ ನೀಲಿಯನ್ನು ಹತ್ತು ಜನರ ಮುಂದೆ ಹಿಡಿಯುವುದು ನನಗೆ ಸರಿಕಾಣಲಿಲ್ಲ. ಕಾಕುವಿಗೆ ಮನಸ್ಸು ಬಿಚ್ಚಿ ಹೇಳಿದೆ: ಗೋಡೆಯ ಗೆರೆಗಳು, ದಲ್ಲಾಳಿಯ ಚೀಟಿ, ಬರುವ ಮಳೆಗಾಲ ದಾಟದಿದ್ದರೆ ಮನೆ ಹೋಗುವುದು. ಅವರು ಕ್ಲಿಪ್ಪನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಕೇಳಿಸಿಕೊಂಡು, ಕೊನೆಗೆ ಅಂದರು.

"ಮುಂದಿನ ಸೋಮವಾರ ನಿಮ್ಮ ಇಂಜಿನಿಯರಗ ನಮ್ಮ ಮನಿಗೆ ಚಹಾಕ್ಕ ಕರಿ. ನಿಮ್ಮ ಅತ್ತಿನೂ ಕರ್ಕೊಂಡು ಬಾ. ಆಕಿ ನಗೂದು ಇವರಿಗೆ ಕೇಳಬೇಕು."

ಆ ಸೋಮವಾರ ನಾವೆಲ್ಲ ಕಾಕಾನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಸಾಹೇಬರು ಮತ್ತೊಮ್ಮೆ ಹಳ್ಳದ ಮಾತೆತ್ತಿದರು. ಕಾಕಾ ಮತ್ತೊಮ್ಮೆ ತಲೆ ಅಲ್ಲಾಡಿಸಿದರು. ಬಚ್ಚಲ ಕಡೆಯಿಂದ ಧೋತರ ಕಲ್ಲಿಗೆ ಬಡಿಯುವ ಸಪ್ಪಳ ಬರುತ್ತಿತ್ತು, ಅದು ನಿಂತಿತು.

"ಒಂದಿಷ್ಟು ಇಲ್ಲಿ ಬರ್ರಿ," ಕಾಕು ಒಳಗಿಂದ ಕರೆದರು. "ನಿಮ್ಮ ಧೋತರದ ನೀಲಿ ಎಲ್ಲಿಗಿ ಹೊಂಟದ ನೋಡಿ ಬರ್ರಿ."

ಅಷ್ಟು ನೀಲಿಯನ್ನು ಅವರು ಒಂದು ಬಕೆಟ್ಟಿಗೆ ಹೇಗೆ ಸುರಿದರೋ. ಕಿಂಡಿಯಿಂದ ಹೊರಬಂದ ನೀರು ಶಾಯಿಯಂತಿತ್ತು. ಕಾಕಾ ಧೋತರದ ಅಂಚು ಎತ್ತಿ ಹಿಡಿದು ಅದರ ಹಿಂದೆ ಹೊರಟರು, ಅವರ ಹಿಂದೆ ಸಾಹೇಬರು, ನಾನು, ಅತ್ತೆ. ಗೋಡೆ ಬಳಸಿ, ಮೂಲೆ ತಿರುಗಿ, ಹುಲ್ಲು ಸರಿಸಿ, ಬಾಳೆಯ ಬುಡದಲ್ಲಿ ನೀಲಿ ನಿಂತಲ್ಲಿ ಅವರೂ ನಿಂತರು.

"ಇದು ಯಾವ ದಿಕ್ಕು?" ಅಂದರು, ಗೊತ್ತಿಲ್ಲದವರ ಹಾಗೆ.

ಕೈ ಒರೆಸಿಕೊಳ್ಳುತ್ತ ಬಂದ ಕಾಕು ಹೇಳಿದರು. "ನೈರುತ್ಯ. ಮನಿ ಕಟ್ಟಿದಾಗಿಂದ ಇಲ್ಲಿಗೇ ಬರಾಕ ಹತ್ಯದ. ನಿಮಗೇನಾಗ್ಯದ? ಒಂದು ರೊಟ್ಟಿ ಹೆಚ್ಚಿಗೇ ಹೊಡೀತೀರಿ."

ಅತ್ತೆ ಸೆರಗನ್ನು ಬಾಯಿಗೆ ಹಿಡಿದರೂ ನಗು ಮೂಗಿನಿಂದ ಹೊರಬಂತು. ಕಾಕಾ ತಲೆ ಎತ್ತಿ ಗೊನೆ ನೋಡಿದರು. ಒಳ್ಳೆ ತುಂಬಿದ ಗೊನೆ.

"ಹೋದ ಹಬ್ಬಕ್ಕ ಶಿವಗ ಇಟ್ಟಿದ್ದು ಇದೇ ಹಣ್ಣೇನು?"

"ಇದೇ."

ಗೊನೆಯ ಮೇಲೆ ಕೈಯಾಡಿಸಿ, "ಹಂಗಾದ್ರ ಅವನೂ ಒಪ್ಯಾನ ಬಿಡು," ಅಂದರು.

ಆಗ ನಾನು ಧೈರ್ಯ ಮಾಡಿದೆ. "ಎಲ್ಲರ ಮನಿ ಕಿಂಡಿನೂ ಈಶಾನ್ಯದಾಗೇ ಇರ್ಲಿ ಕಾಕಾ. ಅದನ್ನ ಯಾರೂ ಮುಟ್ಟೂದು ಬ್ಯಾಡ. ಕಿಂಡಿ ಆಚಿ ನಿಮ್ಮ ಮನಿ ಮಾಡಿದಂಗ ಕಾಲನಿ ಮಾಡ್ಲಿ. ಪ್ಲೀಸ್."

ಮುಂದಿನ ರವಿವಾರ ಕಟ್ಟೆಯ ಮೇಲೆ ಕೂತು ಅವರು ಸಭೆಗೆ ಹೇಳಿದ್ದನ್ನು ನಾನು ಮರೆಯಲಾರೆ: "ಇದರಾಗ ಹೊಸಾದೇನದ? ನಮ್ಮ ಮನ್ಯಾಗ ಮೊದಲಿಂದ್ಲೂ ಹಿಂಗೇ ಮಾಡೀವಿ." ಕಾಕು ಹಿಂದಿನ ಸಾಲಿನಲ್ಲಿ ನನ್ನನ್ನು ಮೊಣಕೈಯಿಂದ ತಿವಿದರು.

ಬೇಸಿಗೆಯಲ್ಲಿ ಕೆಲಸ ನಡೆಯಿತು. ಗೇಟಿನ ಮುಂದಿನ ಇಳಿಜಾರುಗಳು ಒಡೆದವು. ಎಲ್ಲರೂ ಹಲಗೆ ದಾಟಿ ಮನೆಯೊಳಗೆ ಹೋದೆವು, ಗೊಣಗಿದೆವು, ಆದರೂ ಕೆಲಸದವರಿಗೆ ಸರದಿಯ ಮೇಲೆ ಮಜ್ಜಿಗೆ ಕೊಟ್ಟೆವು. ಪಾರ್ಕು ತೋಡುವಾಗ ಕೆಂಪು ಮೊರಮಿನ ಅಡಿಯಲ್ಲಿ ಹಳ್ಳದ ತಳ ಸಿಕ್ಕಿತು: ನೀರು ಉಜ್ಜಿ ಉಜ್ಜಿ ನುಣುಪಾಗಿಸಿದ ಗುಂಡುಗಲ್ಲುಗಳು, ಬಸವನಹುಳುವಿನ ಬಿಳಿ ಚಿಪ್ಪುಗಳು. ಅತ್ತೆ ಒಂದು ಕಲ್ಲನ್ನು ಸೆರಗಿನಲ್ಲಿ ಒರೆಸಿ ಮನೆಗೆ ತಂದರು. ಅದರಿಂದಲೇ ಈಗ ಬೆಳ್ಳುಳ್ಳಿ ಜಜ್ಜುವುದು.

ಮೋರಿ ಮುಚ್ಚಲು ಪರಸಿ ಕಲ್ಲುಗಳು ಬಂದದ್ದು ತಾಂಡೂರಿನಿಂದ. ಲಾರಿಯಿಂದ ಇಳಿಸುವಾಗ ಒಂದಕ್ಕೊಂದು ತಾಗಿ ಏಳುವ ಆ ಸಪ್ಪಳ ತವರಿನ ಬೆಳಗಿನ ಸಪ್ಪಳ, ಕಿವಿಗೆ ಹಿತವಾಯಿತು. ಹೂಳು ತೆಗೆಯುವಾಗ ಕೊಕ್ಕೆ ಹಾಕಿ ಎತ್ತಲು ಪ್ರತಿ ಕಲ್ಲಿಗೂ ಒಂದು ತೂತು. ಮುಚ್ಚುವ ಮೊದಲು ಒಮ್ಮೆ ನೋಡೋಣ ಎಂದು ನಾನು ರಂಗೋಲಿಯ ಗುಲಾಬಿ ಬಣ್ಣವನ್ನು ಒಂದು ಬಕೆಟ್ ನೀರಿಗೆ ಕಲಸಿ ನಮ್ಮ ಮೂಲೆಯ ಮೋರಿಗೆ ಸುರಿದೆ. ಹೆಂಗಸರೆಲ್ಲ ಅವರವರ ಗೇಟಿನ ಮುಂದೆ ಬಗ್ಗಿ ನಿಂತಿದ್ದರು. "ನನ್ನ ಮುಂದ ದಾಟ್ತು," "ವಚ್ಚಿಂದಿ, ಇಲ್ಲಿಗೂ ಬಂತು," "ಆ ಗಯಾ" ಎಂದು ಮೂರು ಭಾಷೆಯಲ್ಲಿ ಸುದ್ದಿ ಮುಂದೆ ಮುಂದೆ ಹೋಯಿತು. ಒಂದು ಕಡೆ ಬಣ್ಣ ನಿಂತಿತು. ಮೇಸ್ತ್ರಿ ಅಲ್ಲಿ ಕಿತ್ತು ಮತ್ತೆ ಸರಿ ಮಾಡಿದ. ಇನ್ನೊಂದು ಬಕೆಟ್ ಸುರಿದೆ. ಕೊನೆಯಲ್ಲಿ ಪಾರ್ಕಿನ ಅಂಚಿನಿಂದ ಕಾಕು ಎರಡೂ ಕೈ ಎತ್ತಿ ಬೀಸಿದರು.

ಮಳೆಗಾಲ ಹತ್ತಿತು. ಸಣ್ಣ ಮಳೆಗಳು ಬಂದು ಹೋದವು, ನಮ್ಮವರು ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಚೀಟಿ ಮೊಳೆಯಲ್ಲೇ ಇತ್ತು. ಒಂದು ರವಿವಾರ ಹೇಳದೆ ಕೇಳದೆ ದಲ್ಲಾಳಿ ಕೊಡಂಗಲ್ ಕಡೆಯ ಗಿರಾಕಿಯೊಬ್ಬರನ್ನು ಕರೆತಂದ. ಅವರು ಒಳಗೆ ಕಾಲಿಟ್ಟದ್ದೇ ತಡ, ಮೋಡ ಕವಿದು, ಎದುರು ಮನೆ ಕಾಣದ ಹಾಗೆ ಮಳೆ ಹೊಡೆ‌ಯತೊಡಗಿತು. ಎರಡು ಗೆರೆಗಳನ್ನು ಬರೆದದ್ದು ಅಂಥದೇ ಮಳೆ. ದಲ್ಲಾಳಿಯ ಮುಖ ಬಿಳುಚಿತು. ಗಿರಾಕಿಗೆ ಚಹಾ ಕೊಟ್ಟೆ. ಯಾರೂ ಚಹಾ ನೋಡಲಿಲ್ಲ. ನಾವೆಲ್ಲ ನೋಡುತ್ತಿದ್ದದ್ದು ಹೊಸ್ತಿಲನ್ನು.

ಬೀದಿಯಲ್ಲಿ ಪರಸಿ ಕಲ್ಲುಗಳ ಅಡಿಯಿಂದ ಗುಡುಗುಡು ಸದ್ದು ಕೇಳುತ್ತಿತ್ತು, ರೈಲು ದೂರದಲ್ಲಿ ಹೋದ ಹಾಗೆ. ನಮ್ಮ ಮನೆಯಿಂದ ದೂರ ಹೋಗುವ ಸದ್ದು. ನಾನು ತಡೆಯಲಾರದೆ ಛತ್ರಿ ಹಿಡಿದು ಹೊರಗೆ ಓಡಿದೆ. ಬೀದಿಯ ತುದಿಯಲ್ಲಿ ಆಗಲೇ ಛತ್ರಿಗಳ ಸಾಲಿತ್ತು. ಪಾರ್ಕು ಪರಾತದಂತೆ ತುಂಬಿ, ಮಳೆಯ ಹನಿಗೆ ಕುದಿಯುತ್ತಿತ್ತು; ಆಚೆ ಬದಿಯ ಪೈಪಿನಿಂದ ಒಂದೇ ಒಂದು ಧಾರೆ, ತೋಳಿನ ದಪ್ಪ, ಹಳೆಯ ಹಳ್ಳಕ್ಕೆ ಇಳಿಯುತ್ತಿತ್ತು. ಕೆಳಗಿನ ತೊಗರಿ ಹೊಲ ಮುಳುಗದೆ ನಿಂತಲ್ಲೇ ನಿಂತಿತ್ತು. ಕಾಕಾ ಧೋತರವನ್ನು ಮೊಣಕಾಲಿಗೆ ಕಟ್ಟಿಕೊಂಡು, ಕೆಸರಿನಲ್ಲಿ ನಿಂತು, ಕೋಲಿನಿಂದ ಪೈಪಿನ ಬಾಯಿಗೆ ಬಂದ ಎಲೆಗಳನ್ನು ಸರಿಸುತ್ತಿದ್ದರು. ಧೋತರದ ಅಂಚು ಕೆಂಪಾಗಿತ್ತು. "ಇವತ್ತ ಎಷ್ಟು ನೀಲಿ ಹಾಕಿದ್ರೂ ಹೋಗೂದಿಲ್ಲ," ಅಂದರು ಕಾಕು, ಅಭಿಮಾನದಿಂದ.

ಮನೆಗೆ ಮರಳಿದರೆ ಅತ್ತೆ ಬಾಗಿಲಲ್ಲಿ ನಿಂತು ಅಂಗಳದ ನೀರಿಗೆ ಕೈ ಮಾಡಿ, "ಪ್ಲೀಸ್, ಆ ಕಡಿ ಹೋಗ್ರಿ," ಅನ್ನುತ್ತಿದ್ದರು. ನೀರು ಕೇಳುತ್ತಿತ್ತು. ಹೊಸ್ತಿಲಿನ ಹೊರಗೆ ಬೆಳಿಗ್ಗೆ ಹಾಕಿದ ರಂಗೋಲಿ ಸಿಡಿದ ಹನಿಗೆ ಮಸುಕಾಗಿತ್ತು, ಅಷ್ಟೇ. ಒಳಗೆ ಕಲ್ಲು ಒಣಗಿತ್ತು.

ಗಿರಾಕಿ ಎದ್ದು ಬಾಗಿಲಿಗೆ ಬಂದು, ಹೊರಗೆ ನೋಡಿ, ಒಳಗೆ ನೋಡಿ, ನಮ್ಮವರತ್ತ ತಿರುಗಿದರು. "ಇಂಥಾ ಮಳ್ಯಾಗ ಒಂದು ಹನಿ ಒಳಗ ಇಲ್ಲ. ಮ್ಯಾಲ ದೇವಮೂಲಿ. ನನಗ ಪಸಂದ್ ಆಗ್ಯದ. ಹೇಳ್ರಿ."

ನಮ್ಮವರು ಹೊಸ್ತಿಲಿನಿಂದ ಕಣ್ಣು ಕೀಳದೆ ಹೇಳಿದರು. "ಮನಿ ಕೊಡೂದಿಲ್ರಿ. ಛತ್ರಿ ಬೇಕಂದ್ರ ಕೊಡ್ತೀನಿ."

ಮರುವಾರ ಗೋಡೆಗೆ ಬಣ್ಣ ಹೊಡೆಸಿದೆ. ಈಗ ಹೊಡೆಸಲು ಅಡ್ಡಿಯಿರಲಿಲ್ಲ. ನಮ್ಮ ಪಕ್ಕದಲ್ಲಿ ಇನ್ನೊಂದು ಲೇಔಟ್ ಏಳುತ್ತಿದೆ, ಕಾಕಾ ದಿನಾ ಸಂಜೆ ಅಲ್ಲಿಗೆ ಹೋಗಿ, "ಕಿಂಡಿ ಆಮ್ಯಾಲ. ಮೊದಲು ಹಳ್ಳ ಎಲ್ಲದ ತೋರಸ್ರಿ," ಎಂದು ಆ ಲೇಔಟಿನವರ ಜೀವ ತಿನ್ನುತ್ತಾರೆ. ಅವರು ಹಳ್ಳವನ್ನು ಬಿಟ್ಟೇ ಪ್ಲಾಟು ಗುರುತು ಹಾಕಿದ್ದಾರೆ.

ನಿನ್ನೆ ಮಧ್ಯಾಹ್ನ ಮತ್ತೆ ಜೋರು ಮಳೆ. ನಾನು ಕಲ್ಲಿನ ಮೇಲೆ ಕಾಲು ಚಾಚಿ ಕೂತು ಟೇಬಲ್ ಕ್ಲಾತಿನ ಕೊನೆಯ ಸುತ್ತು ಹಾಕುತ್ತಿದ್ದೆ. ನಾರಾಯಣಖೇಡದಿಂದ ಫೋನು ಬಂತು. ಅಲ್ಲಿಯೂ ಮಳೆಯಂತೆ, ತಗಡಿನ ಮೇಲೆ ಹನಿ ಬೀಳುವ ಸದ್ದು ಕೇಳುತ್ತಿತ್ತು.

"ಊಟ ಆತೇನು?" ಅಂದರು.